ಹೊಲಿಗೆ ಮಷೀನು, ನೀರಿನ ಕೊಡ ಮತ್ತು ನನ್ನ ಸೊಂಟ ನೋವು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳಲ್ಲಿ ಸೊಂಟ ನೋವಿಲ್ಲದವರನ್ನು ನಾನು ನೋಡಿದ್ದು ಕಡಿಮೆ. ಮಧ್ಯಾಹ್ನ ಊಟಕ್ಕೆ ಎದ್ದ ಕೂಡಲೇ ಎಲ್ಲರೂ ಎರಡೂ ಕೈ ಸೊಂಟಕ್ಕಿಟ್ಟು ಹಿಂದಕ್ಕೆ ಬಾಗುತ್ತಾರೆ, ಆಮೇಲೆ ಡಬ್ಬಿ ತೆಗೆಯುತ್ತಾರೆ. ಕೆಲಸ ಅಂದ ಮೇಲೆ ಇದು ಇರುವುದೇ ಅಂತ ಒಪ್ಪಿಕೊಂಡುಬಿಟ್ಟಿದ್ದೇವೆ. ನನಗೂ ಬಂತು, ಸ್ವಲ್ಪ ಜಾಸ್ತಿಯೇ ಬಂತು. ಈಗ ಬಹಳಷ್ಟು ಕಡಿಮೆಯಾಗಿದೆ. "ಅಕ್ಕಾ, ನಿಂಗೆ ಯಾವ ಮಾತ್ರೆ ಕೊಟ್ರು?" ಅಂತ ದಿನಾ ಯಾರಾದರೂ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಮಾತ್ರೆಯ ಪಾಲು ತುಂಬಾ ಚಿಕ್ಕದು.

ಮೊದಲು ಕೆಲಸದ ಬಗ್ಗೆ ಹೇಳಬೇಕು. ಕೌಲ್ ಬಜಾರ್ ಕಡೆಯ ಒಂದು ಯೂನಿಟ್‌ನಲ್ಲಿ ನಾನು ಜುಕಿ ಕಂಪನಿಯ ಹೊಲಿಗೆ ಮಷೀನಿನ ಮುಂದೆ ಕೂರುತ್ತೇನೆ. ಕಟಿಂಗ್ ಮಾಸ್ಟರ್ ಕತ್ತರಿಸಿದ ಮಾಲು ಬಂಡಲ್ ಕಟ್ಟಿ ಬರುತ್ತದೆ. ಒಬ್ಬರು ಜಿಪ್, ಒಬ್ಬರು ಲೂಪ್, ಒಬ್ಬರು ಓವರ್‌ಲಾಕ್ (ಬಟ್ಟೆಯ ಅಂಚು ಬಿಚ್ಚದ ಹಾಗೆ ಹೊಲಿಯುವುದು), ಹೀಗೆ ಭಾಗ ಮಾಡಿಕೊಂಡು ಹೊಲಿಯುತ್ತೇವೆ. ನನ್ನದು ಹಿಂದಿನ ಜೇಬು. ಜೀನ್ಸ್ ಬಟ್ಟೆ ದಪ್ಪ. ಪದರದ ಮೇಲೆ ಪದರ ಬರುವ ಕಡೆ ಎರಡೂ ಕೈಯಿಂದ ಒತ್ತಿ ದೂಡಬೇಕು, ಆಗ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ. ಜೇಬಿನ ಮೂಲೆ ತಿರುಗಿಸುವಾಗ ಹೊಲಿಗೆ ನೆಟ್ಟಗೆ ಬರಲಿ ಅಂತ ತಲೆಯೂ ಸೂಜಿಯ ಹತ್ತಿರ ಹೋಗುತ್ತದೆ. ಕೂಲಿ ಪೀಸಿನ ಲೆಕ್ಕ. ಎದ್ದರೆ ಪೀಸ್ ಕಡಿಮೆ, ಪೀಸ್ ಕಡಿಮೆಯಾದರೆ ಶನಿವಾರ ಕೈಗೆ ಬರುವ ದುಡ್ಡು ಕಡಿಮೆ, ಅದಕ್ಕೆ ಯಾರೂ ಏಳುವುದಿಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆ ಅಂತ ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ, ಅದೂ ನಮ್ಮ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ದಿನಗಳಲ್ಲಿ. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ನಾನು ಬೀಳಲಿಲ್ಲ, ಏನನ್ನೂ ಎತ್ತಿ ಉಳುಕಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದರೆ ಸೊಂಟ ಬಿಗಿದುಕೊಂಡಿತ್ತು, ಅಷ್ಟೇ. ಮಗ್ಗುಲಾಗಲು ಆಗಲಿಲ್ಲ. ಗೋಡೆ ಹಿಡಿದು ಎದ್ದೆ. ಸ್ವಲ್ಪ ಓಡಾಡಿದ ಮೇಲೆ ಸಡಿಲವಾಯಿತು, ಕೆಲಸಕ್ಕೆ ಹೋದೆ, ಸಂಜೆ ಸ್ಟೂಲ್‌ನಿಂದ ಏಳುವಾಗ ಮತ್ತೆ ಅದೇ. ಮುಂದಿನ ಕೆಲವು ವಾರ ಹೀಗೇ ಹೋಯಿತು. ನಡೆದರೆ ಪರವಾಗಿಲ್ಲ, ಕೂತು ಏಳುವಾಗ ಜೀವ ಹೋಗುತ್ತದೆ.

ನಮ್ಮ ಅತ್ತೆ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಅದು ಹಿತವಾಗಿತ್ತು, ಈಗಲೂ ಮಾಡಿಕೊಳ್ಳುತ್ತೇನೆ. ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟಕ್ಕೆ ಒದೆಸಿಕೊಂಡರೆ ಹೋಗುತ್ತದೆ ಅಂತ ಪಕ್ಕದ ಮನೆಯ ಅಜ್ಜಿ ಹೇಳಿದರು. ನಮ್ಮ ಕಡೆ ಇದನ್ನು ನಂಬುವವರು ಬಹಳ ಜನ. ಅವರ ಪ್ರೀತಿ ನನಗೆ ಅರ್ಥವಾಯಿತು, ಆದರೆ ಒಪ್ಪಲಿಲ್ಲ. ಮೆಡಿಕಲ್ ಶಾಪಿನವರು ನೋವಿನ ಮಾತ್ರೆ ಕೊಟ್ಟರು. ಅದನ್ನು ನುಂಗಿದ ದಿನ ಕೆಲಸ ಸಲೀಸು, ಮರುದಿನ ಮತ್ತೆ ಬೇಕು. ನೋವಿನ ಮಾತ್ರೆಯನ್ನು ಡಾಕ್ಟರಿಗೆ ಕೇಳದೆ ವಾರಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು. ನಮ್ಮ ಯೂನಿಟ್‌ನಲ್ಲಿ ಬ್ಯಾಗಿನಲ್ಲಿ ಸ್ಟ್ರಿಪ್ ಇಟ್ಟುಕೊಂಡೇ ಬರುವವರು ಇದ್ದಾರೆ, ದಯವಿಟ್ಟು ಇದನ್ನು ಎರಡು ಸಲ ಓದಿ.

ಆಮೇಲೆ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಎಂಆರ್‌ಐ ಮಾಡಿಸಿ ಅಂದರು. ಕೂಡಿಟ್ಟ ದುಡ್ಡಿನಲ್ಲಿ ಮಾಡಿಸಿದೆವು. ರಿಪೋರ್ಟಿನಲ್ಲಿ ಎಲ್4-ಎಲ್5 (ಸೊಂಟದ ನಾಲ್ಕನೇ, ಐದನೇ ಮೂಳೆ) ಹತ್ತಿರ ಡಿಸ್ಕ್ ಬಲ್ಜ್, ಅಂದರೆ ಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು, ಡೀಜನರೇಟಿವ್ ಚೇಂಜಸ್, ಅಂದರೆ ಸವೆತ, ಅಂತ ಬರೆದಿತ್ತು. ಡಿಸ್ಕ್ ಸವೆದಿದೆ, ಇನ್ನು ಹೊಲಿಗೆ ಬಿಡಬೇಕು, ಭಾರ ಎತ್ತಬಾರದು, ಬಾಗಬಾರದು, ಬೆಲ್ಟ್ ಹಾಕಿಕೊಳ್ಳಿ ಅಂದರು. ಐದೇ ನಿಮಿಷದ ಮಾತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮನೆಯ ಬಾಡಿಗೆ ನನ್ನ ಕೂಲಿಯಲ್ಲಿ ಹೋಗುತ್ತದೆ. ನಮ್ಮ ಮನೆಯವರು ಆಟೋ ಓಡಿಸುತ್ತಾರೆ, ಮಗಳು ಪಿಯುಸಿ. ಅವತ್ತಿನಿಂದ ನನ್ನ ನಡಿಗೆಯೇ ಬದಲಾಯಿತು. ಬಾಗಲು ಹೆದರಿಕೆ, ಬಕೆಟ್ ಮುಟ್ಟಲು ಹೆದರಿಕೆ, ರಾತ್ರಿ ಮಗ್ಗುಲು ಬದಲಿಸಿದರೆ ಒಳಗೆ ಏನೋ ಜಾರಿಬಿಡುತ್ತದೆ ಅನ್ನುವ ಹೆದರಿಕೆ. ನಿದ್ದೆ ಹೋಯಿತು. ನಿದ್ದೆ ಹೋದ ಮೇಲೆ ನೋವು ಇನ್ನೂ ಜಾಸ್ತಿ ಆಯಿತು.

ನಾದಿನಿಯ ಒತ್ತಾಯಕ್ಕೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಫಿಲಂ ಕಡೆ ಆಮೇಲೆ ನೋಡಿದರು, ಮೊದಲು ನನ್ನನ್ನು ನೋಡಿದರು. ಮಲಗಿಸಿ ಒಂದೊಂದೇ ಕಾಲು ನೆಟ್ಟಗೆ ಮೇಲೆತ್ತಿದರು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಮೂತ್ರ ಕಟ್ಟುತ್ತದಾ, ಗೊತ್ತಾಗದೆ ಹೋಗುತ್ತದಾ, ತೊಡೆಯ ಸಂದಿಯಲ್ಲಿ ಸ್ಪರ್ಶ ಇಲ್ಲದ ಹಾಗೆ ಆಗಿದೆಯಾ, ಕಾಲಿನ ಶಕ್ತಿ ಕುಂದಿದೆಯಾ, ಜ್ವರ ಬರುತ್ತಿದೆಯಾ, ಸುಮ್ಮನೆ ತೂಕ ಇಳಿದಿದೆಯಾ, ಹಿಂದೆ ಯಾವಾಗಲಾದರೂ ಕ್ಯಾನ್ಸರ್ ಆಗಿತ್ತಾ ಅಂತ ಒಂದೊಂದಾಗಿ ಕೇಳಿದರು. ಇವುಗಳಲ್ಲಿ ಯಾವುದಾದರೂ ಇದ್ದರೆ ತಡ ಮಾಡಬಾರದು, ಮೂತ್ರದ ತೊಂದರೆ ಮತ್ತು ಸ್ಪರ್ಶ ಹೋಗುವುದು ಇದ್ದರಂತೂ ಅದೇ ದಿನ ಓಡಿ ಬರಬೇಕು ಅಂದರು. ನನಗೆ ಯಾವುದೂ ಇರಲಿಲ್ಲ.

"ಹಂಗಾದ್ರೆ ಹೆದರಬೇಡ್ರಿ ಅಮ್ಮಾ. ಈ ಬಲ್ಜ್ ಅನ್ನೋದು ನೋವಿಲ್ಲದವರಿಗೂ ಇರ್ತದೆ," ಅಂದರು.

ನನಗೆ ನಂಬಿಕೆ ಬರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾರೆ ಅನ್ನಿಸಿತು. ಮನೆಗೆ ಬಂದು ಮಗಳ ಹತ್ತಿರ ಫೋನಿನಲ್ಲಿ ಹುಡುಕಿಸಿದೆ. ನಿಜವೇ ಇತ್ತು. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟಿಗೆ ಲೆಕ್ಕ ಹಾಕಿ 2015ರಲ್ಲಿ ಒಂದು ವರದಿ ಬಂದಿದೆ. 20 ವರ್ಷದವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಬಲ್ಜ್, 40 ವರ್ಷದವರಲ್ಲಿ ನೂರಕ್ಕೆ 50. ಸವೆತ ಅಂತೂ 40ರ ಹೊತ್ತಿಗೆ ನೂರಕ್ಕೆ 68 ಜನರಲ್ಲಿ ಕಾಣುತ್ತದೆ. ಅವರಲ್ಲಿ ಯಾರಿಗೂ ನೋವಿಲ್ಲ! ತಲೆಗೂದಲು ಬೆಳ್ಳಗಾಗುವ ವಯಸ್ಸಿನಲ್ಲಿ ಡಿಸ್ಕೂ ವಯಸ್ಸು ತೋರಿಸುತ್ತದೆ. ಆ ಎರಡು ಸಾಲು ಓದಿದ ರಾತ್ರಿ ನಾನು ಎಷ್ಟೋ ವಾರಗಳ ನಂತರ ನಿದ್ದೆ ಮಾಡಿದೆ. ರಿಪೋರ್ಟ್ ಕೈಗೆ ಕೊಡುವಾಗಲೇ ಈ ಒಂದು ಮಾತನ್ನು ಯಾಕೆ ಹೇಳುವುದಿಲ್ಲ?

ಡಾಕ್ಟರು ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟಿದ್ದರು. ಅಲ್ಲಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ, ನನ್ನನ್ನು ಅಕ್ಕಾ ಅಂತ ಕರೆಯುತ್ತಿದ್ದಳು. ಕರೆಂಟ್ ಶಾಖ ಕೊಡುತ್ತಾಳೆ ಅಂದುಕೊಂಡು ಹೋಗಿದ್ದೆ. ಅವಳು ಒಂದು ಹಾಳೆ ತೆಗೆದು, "ಅಕ್ಕಾ, ಬೆಳಿಗ್ಗೆ ಎದ್ದಾಗಿಂದ ಮಲಗೋ ತನಕ ಏನೇನ್ ಮಾಡ್ತೀರಿ, ಒಂದೂ ಬಿಡದೆ ಹೇಳ್ರಿ," ಅಂದಳು.

ಹೇಳುತ್ತಾ ಹೋದೆ. ಬೆಳಿಗ್ಗೆ ಗಿಡ್ಡ ಕಸಬರಿಗೆಯಿಂದ ಬಾಗಿ ಅಂಗಳ ಗುಡಿಸುವುದು. ನಲ್ಲಿ ಬಂದ ದಿನವಾದರೆ ನೀರು ತುಂಬುವುದು. ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ, ಬಂದಾಗ ಡ್ರಮ್ಮು, ಕೊಡ, ಪಾತ್ರೆ, ಇದ್ದಬದ್ದದ್ದೆಲ್ಲ ತುಂಬಬೇಕು. ದೊಡ್ಡ ಕೊಡ ಅಂದರೆ 15 ಲೀಟರ್, ಅಲ್ಲಿಗೆ 15 ಕಿಲೋ ನೀರೇ ಆಯಿತು. ಅದನ್ನು ಬಾಗಿ ಎತ್ತಿ ಒಂದೇ ಕಡೆಯ ಸೊಂಟದ ಮೇಲಿಟ್ಟು ಮೆಟ್ಟಿಲು ಹತ್ತುವುದು. ಆಮೇಲೆ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿಯುವುದು. ಗಂಡನ ಆಟೋದಲ್ಲಿ ಯೂನಿಟ್‌ಗೆ. ಮಧ್ಯಾಹ್ನದ ತನಕ ಸ್ಟೂಲ್, ಅರ್ಧ ಗಂಟೆ ಊಟ, ರಾತ್ರಿಯ ತನಕ ಸ್ಟೂಲ್. ಮನೆಗೆ ಬಂದು ಅಡುಗೆ, ಪಾತ್ರೆ. ಮಲಗಿ ಫೋನ್ ನೋಡುತ್ತಾ ಹನ್ನೆರಡು. ಐದಕ್ಕೆ ಮತ್ತೆ ಏಳುವುದು.

ಅವಳು ಎಲ್ಲ ಬರೆದುಕೊಂಡು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. "ಇದ್ರಾಗೆ ನೀವು ಬರೀ ನಡೆದಿದ್ದು ಎಲ್ಲೈತೆ ಅಕ್ಕಾ?" ಅಂದಳು. ಇಡೀ ದಿನದಲ್ಲಿ ಎಲ್ಲೂ ಇರಲಿಲ್ಲ. ದಿನಪೂರ್ತಿ ದುಡಿಯುತ್ತೇನೆ, ರಾತ್ರಿ ಮೈ ನುಜ್ಜುಗುಜ್ಜಾಗುತ್ತದೆ, ಆದರೆ ಗಂಟೆಗಟ್ಟಲೆ ಸೊಂಟ ಒಂದೇ ಕಡೆ ಮುಂದಕ್ಕೆ ಬಾಗಿಯೇ ಇರುತ್ತದೆ. ಗುಡಿಸುವಾಗ, ಕೊಡ ಎತ್ತುವಾಗ, ರೊಟ್ಟಿಗೆ, ಹೊಲಿಗೆಗೆ, ಎಲ್ಲದಕ್ಕೂ ಮುಂದಕ್ಕೆ. ಅವಳು ಹೇಳಿದ್ದು ಇಷ್ಟು: ಬಾಗುವುದು ತಪ್ಪಲ್ಲ, ಭಾರ ಎತ್ತುವುದೂ ತಪ್ಪಲ್ಲ, ಸೊಂಟ ಅದಕ್ಕೇ ಇರುವುದು. ಹೇಗೆ ಬೇಕಾದರೂ ಕೂರಿ, ಆದರೆ ಹಾಗೇ ಕೂತೇ ಇರಬೇಡಿ. ನಿದ್ದೆ ಇಲ್ಲದೆ, ಚಿಂತೆಯಲ್ಲಿ, ನಡಿಗೆಯೇ ಇಲ್ಲದ ಮೈಗೆ ಅದೇ ಕೆಲಸ ತಡೆಯದ ಹಾಗೆ ಆಗುತ್ತದೆ. ಇದನ್ನು ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಎಲ್ಲರೂ ಹೇಳುತ್ತಿದ್ದದ್ದು ರೆಸ್ಟ್ ತಗೋ ಅಂತ. ಮಲಗಿ ರೆಸ್ಟ್ ಮಾಡುವುದರಿಂದ ಇಂಥ ನೋವು ಬೇಗ ಹೋಗುವುದಿಲ್ಲ, ಆದಷ್ಟು ಓಡಾಡಿಕೊಂಡು ಇರುವುದೇ ಒಳ್ಳೆಯದು ಅಂತ ಈಗ ಬಹಳ ಕಡೆಯ ಡಾಕ್ಟರುಗಳು ಹೇಳುತ್ತಾರೆ.

ಡಿಸ್ಕಿನ ಬಗ್ಗೆ ಅವಳು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಕೂತಿದೆ. ದೊಡ್ಡವರ ಡಿಸ್ಕಿನ ಒಳಗೆ ರಕ್ತನಾಳ ಇರುವುದಿಲ್ಲವಂತೆ. ಅಕ್ಕಪಕ್ಕದ ಮೂಳೆಯಿಂದ ಪೋಷಣೆ ಒಳಗೆ ಇಳಿಯಬೇಕು, ಪಾತ್ರೆ ತೊಳೆಯುವ ಸ್ಪಂಜನ್ನು ಒತ್ತಿ ಬಿಟ್ಟಾಗ ನೀರು ಹೀರಿಕೊಳ್ಳುವ ಹಾಗೆ, ಭಾರ ಬಿದ್ದು ಬಿಟ್ಟು ಬಿದ್ದು ಬಿಟ್ಟು ಆಗುತ್ತಿರಬೇಕು. ಬೀಡಿ ಸಿಗರೇಟು ಸೇದಿದರೆ ಆ ಮೂಳೆಯಲ್ಲಿರುವ ಸಣ್ಣ ರಕ್ತನಾಳಗಳಿಗೇ ಪೆಟ್ಟು. ಇದನ್ನು ಕೇಳಿದ್ದು ನಾನಾದರೂ ತಟ್ಟಿದ್ದು ನಮ್ಮ ಮನೆಯವರ ವಿಷಯದಲ್ಲಿ. ಅವರಿಗೂ ಸೊಂಟ ನೋವಿದೆ, ದಿನವಿಡೀ ಆಟೋದ ಕುಲುಕಾಟ, ಕೈಯಲ್ಲಿ ಬೀಡಿ. ಲೋಕದಲ್ಲಿ ಸೊಂಟ ನೋವಿನಿಂದ ಆಗುವ ತೊಂದರೆಯಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಪಾಲು ಮೂರೇ ಕಾರಣಕ್ಕೆ ಸೇರುತ್ತದೆ: ಕೆಲಸದ ರೀತಿ, ಹೊಗೆಸೊಪ್ಪು ಸೇದುವುದು, ಮೈ ತೂಕ. ಬೀಡಿ ಇನ್ನೂ ಪೂರ್ತಿ ಬಿಟ್ಟಿಲ್ಲ ಅವರು. ಕಡಿಮೆಯಾಗಿದೆ. ನಾನು ಬಿಡುವುದಿಲ್ಲ, ದಿನಾ ಹೇಳುತ್ತೇನೆ.

ಬದಲಾಯಿಸಿದ್ದು ದೊಡ್ಡದೇನೂ ಅಲ್ಲ. ಸ್ಟೂಲ್ ಮೊದಲು. ಕೂತಾಗ ನನ್ನ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತಿತ್ತು, ಸ್ಟೂಲ್ ಅಷ್ಟು ಗಿಡ್ಡ. ಅಂಥ ಕಡೆ ಕೂತು ಪೆಡಲ್ ಒತ್ತುತ್ತಾ ನೆಟ್ಟಗೆ ಇರಲು ಯಾರಿಂದಲೂ ಆಗುವುದಿಲ್ಲ. ವೇಸ್ಟ್ ಜೀನ್ಸ್ ತುಂಡುಗಳನ್ನೇ ಗೋಣಿಚೀಲದಲ್ಲಿ ತುಂಬಿ ಹೊಲಿದು ಗಟ್ಟಿ ದಿಂಬು ಮಾಡಿ ಅದರ ಮೇಲೆ ಕೂತೆ. ಈಗ ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲಿದೆ. ಪೆಡಲನ್ನು ಮೆಕ್ಯಾನಿಕ್ ಕೈಲಿ ನನ್ನ ಕಡೆಗೆ ತುಸು ಎಳೆಸಿಕೊಂಡೆ. ಮಷೀನಿನ ಬಲ್ಬನ್ನು ಸೂಜಿಯ ಹತ್ತಿರ ಬಗ್ಗಿಸಿದೆ, ಬೆಳಕು ಸರಿಯಾದ ಮೇಲೆ ತಲೆ ಅಷ್ಟು ಕೆಳಗೆ ಹೋಗುವುದಿಲ್ಲ.

ಏಳುವ ವಿಷಯ ಕಷ್ಟದ್ದು, ಪೀಸ್ ರೇಟ್ ಅಲ್ವಾ. ಅದಕ್ಕೆ ಫಿಸಿಯೋ ಹುಡುಗಿಯೇ ಒಂದು ಉಪಾಯ ಹೇಳಿದಳು. ಮುಗಿದ ಬಂಡಲನ್ನು ಹೆಲ್ಪರ್ ಬಂದು ಒಯ್ಯಲಿ ಅಂತ ಕಾಯಬೇಡಿ, ನೀವೇ ಎದ್ದು ಕೊಟ್ಟು ಮುಂದಿನದನ್ನು ತನ್ನಿ. ಹಾಗೇ ಮಾಡಿದೆ. ಮೊದಲ ವಾರ ಪೀಸ್ ಕಡಿಮೆ ಬಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಸಂಜೆಯ ಹೊತ್ತಿಗೆ ಕೈ ನಿಧಾನವಾಗುವುದು ನಿಂತಿತು, ಲೆಕ್ಕ ಸರಿಹೋಯಿತು. ನೀರಿನ ಬಾಟಲಿಯನ್ನು ಬೇಕಂತಲೇ ದೂರದ ಕಿಟಕಿಯಲ್ಲಿ ಇಡುತ್ತೇನೆ.

ಮನೆಯಲ್ಲಿ ಕೊಡ ಬಿಡಲು ಆಗುವುದಿಲ್ಲ. ಆದರೆ ದೊಡ್ಡದರ ಬದಲು ಚಿಕ್ಕವು ಎರಡು, ಒಂದೊಂದು ಕೈಗೆ ಒಂದು. ಎತ್ತುವಾಗ ಮೊಣಕಾಲು ಮಡಚಿ, ಕೊಡವನ್ನು ಮೈಗೆ ಹತ್ತಿರ ತಂದುಕೊಂಡು ಏಳುವುದು, ಎತ್ತಿಕೊಂಡೇ ಸೊಂಟ ತಿರುಚಬಾರದು, ಕಾಲು ತಿರುಗಿಸಬೇಕು. ಡ್ರಮ್ಮಿನ ತನಕ ಪೈಪ್ ಎಳೆಸಿದ್ದು ಎಲ್ಲಕ್ಕಿಂತ ಒಳ್ಳೆಯ ಕೆಲಸ. ಕಸಬರಿಗೆಗೆ ಉದ್ದದ ಕೋಲು ಕಟ್ಟಿಸಿದೆ, ಅತ್ತೆಗೂ ಅದು ಇಷ್ಟವಾಗಿದೆ. ರೊಟ್ಟಿ ಮಾತ್ರ ನಿಂತು ಬಡಿದರೆ ನನಗೆ ತೆಳ್ಳಗೆ ಬರುವುದಿಲ್ಲ. ಮಣೆಯ ಮೇಲೆ ಕೂತು, ಒಂದೊಂದು ಕಾಲು ಮಡಚಿ ಚಾಚಿ ಬದಲಿಸುತ್ತಾ ಬಡಿಯುತ್ತೇನೆ. ಮಗಳೂ ಕಲಿತಿದ್ದಾಳೆ, ಅರ್ಧ ಅವಳು.

ಹಾಸಿಗೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೊಂಟ ನೋವಿಗೆ ಬರೀ ನೆಲ ಅಥವಾ ಹಲಗೆ ಒಳ್ಳೆಯದು ಅಂತ ನಮ್ಮಲ್ಲಿ ಹಳೆಯ ಮಾತು. ಸ್ಪೇನ್‌ನಲ್ಲಿ 313 ಜನರ ಮೇಲೆ ನೋಡಿ 2003ರಲ್ಲಿ ಪ್ರಕಟ ಮಾಡಿದ್ದಾರೆ, ತುಂಬಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿ ಹಾಸಿಗೆಯವರಿಗೇ ನೋವು ಜಾಸ್ತಿ ಇಳಿಯಿತಂತೆ. ನಾನು ದುಬಾರಿ ಫೋಮ್ ಕೊಳ್ಳಲಿಲ್ಲ. ಹಳೆಯ ಹತ್ತಿ ಹಾಸಿಗೆಯನ್ನು ಹಿಂಜಿಸಿ ಮತ್ತೆ ತುಂಬಿಸಿದೆ. ಮಗ್ಗುಲಾಗಿ ಮಲಗಿ ಮೊಣಕಾಲುಗಳ ಮಧ್ಯೆ ದಿಂಬು ಇಟ್ಟುಕೊಳ್ಳುತ್ತೇನೆ. ಫೋನು ಹತ್ತು ಗಂಟೆಗೆ ಮಗಳ ಕೋಣೆಗೆ ಹೋಗುತ್ತದೆ. ಇದರಿಂದ ಸಿಕ್ಕ ನಿದ್ದೆ ಯಾವ ಮುಲಾಮಿಗೂ ಕಡಿಮೆಯಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಬೆಲ್ಟ್ ತೆಗೆದಿಟ್ಟೆ. ಫಿಸಿಯೋ ಹುಡುಗಿಯೇ ಹೇಳಿದ್ದು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟ ನೋವಿಗೆ ಅಂತ ಸಲಹೆಗಳನ್ನು ಹೊರಡಿಸಿದೆ, ಅದರಲ್ಲಿ ವ್ಯಾಯಾಮ ಮಾಡಿಸಿ, ರೋಗಿಗೆ ತಿಳಿಹೇಳಿ ಅಂತಿದೆ, ಸೊಂಟದ ಬೆಲ್ಟು ಮತ್ತು ಎಳೆತದ ಟ್ರಾಕ್ಷನ್ ಬೇಡ ಅಂತಿದೆ.

ವ್ಯಾಯಾಮ ಮೂರು ಕಲಿಸಿದಳು. ಅಂಗಾತ ಮಲಗಿ ಪಾದ ಊರಿ ಸೊಂಟ ಎತ್ತುವುದು. ಕೈ, ಮೊಣಕಾಲು ನೆಲಕ್ಕೂರಿ ಬೆನ್ನನ್ನು ಮೇಲೆ ಕೆಳಗೆ ಮಾಡುವುದು. ಅದೇ ಭಂಗಿಯಲ್ಲಿ ಬಲಗೈ ಮುಂದೆ, ಎಡಗಾಲು ಹಿಂದೆ ಚಾಚಿ ಹಿಡಿಯುವುದು, ಆಮೇಲೆ ಇನ್ನೊಂದು ಕಡೆ. ಸೀರೆಯಲ್ಲಿ ಕಷ್ಟ, ಚೂಡಿದಾರ್ ಹಾಕಿಕೊಂಡು ಮಾಡುತ್ತೇನೆ.

ನಡಿಗೆ ಬಿಸಿಲು ಏರುವ ಮೊದಲೇ ಆಗಬೇಕು, ಬಳ್ಳಾರಿಯಲ್ಲಿ ಏಪ್ರಿಲ್ ಬಂತೆಂದರೆ ಎಂಟು ಗಂಟೆಗೆ ರಸ್ತೆ ಸುಡುತ್ತದೆ. ಐದಕ್ಕೆ ಎದ್ದು ನಾದಿನಿ ಜೊತೆ ಕೋಟೆ ಗುಡ್ಡದ ಕಡೆ ಹೋಗುತ್ತೇವೆ. ಮೊದಮೊದಲು ಓಣಿಯ ಕೊನೆಯ ತನಕ ಹೋಗಿ ಬರುವುದೇ ಆಗಿತ್ತು. ಈಗ ಅರ್ಧ ಗಂಟೆ ಸಲೀಸಾಗಿ ನಡೆಯುತ್ತೇನೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರನ್ನು ತೆಗೆದುಕೊಂಡು, ಕೆಲವರಿಗೆ ಹೀಗೇ ನಿಧಾನವಾಗಿ ನಡಿಗೆ ಹೆಚ್ಚಿಸಿಕೊಳ್ಳಲು ಕಲಿಸಿದರು. 2024ರಲ್ಲಿ ಅದರ ಫಲಿತಾಂಶ ಬಂತು. ನಡೆದವರಿಗೆ ನೋವು ಮರಳಲು ಸಾಮಾನ್ಯವಾಗಿ 208 ದಿನ ಹಿಡಿಯಿತು, ಉಳಿದವರಿಗೆ 112. ಖರ್ಚಿಲ್ಲದ ಔಷಧಿ ಇದು. ಬೆಳಗಿನ ಜಾವ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುವ ಹಾಗೆ ನಮ್ಮ ಓಣಿಗೆ ಬೀದಿ ದೀಪ ಒಂದು ಸರಿಯಾಗಿ ಉರಿದರೆ ಸಾಕು, ಇನ್ನೂ ಹತ್ತು ಜನ ಬರುತ್ತಾರೆ.

ನೋವು ಮತ್ತೆ ಬರಲಿಲ್ಲ ಅಂತಲ್ಲ. ಯುಗಾದಿಗೆ ಮನೆ ತೊಳೆದು ಸುಣ್ಣ ಬಳಿದ ಮೇಲೆ ಜೋರಾಗಿಯೇ ಬಂತು. ಆದರೆ ಆ ಸಲ ಹೆದರಲಿಲ್ಲ. ಉಪ್ಪಿನ ಶಾಖ ಮಾಡಿಕೊಂಡೆ, ಡಾಕ್ಟರು ಹೇಳಿದ್ದ ಮಾತ್ರೆಯನ್ನು ಊಟದ ಮೇಲೆ ಒಂದೆರಡು ದಿನ ತಗೊಂಡೆ, ನಡಿಗೆ ಕಡಿಮೆ ಮಾಡಿದೆ ಆದರೆ ನಿಲ್ಲಿಸಲಿಲ್ಲ. ವಾರದೊಳಗೆ ಮಷೀನಿನ ಮುಂದೆ ಇದ್ದೆ.

ಹೋದ ತಿಂಗಳು ಓವರ್‌ಲಾಕ್ ಹಾಕುವ ಹುಡುಗಿ ಸೊಂಟದಿಂದ ಪಾದದ ತನಕ ಜೋಮು ಹಿಡಿಯುತ್ತದೆ ಅಂದಳು. ಡಾಕ್ಟರು ನನಗೆ ಕೇಳಿದ್ದನ್ನೆಲ್ಲ ನಾನು ಅವಳಿಗೆ ಕೇಳಿದೆ. ಹಿಮ್ಮಡಿಯ ಮೇಲೆ ನಡೆ ಅಂದರೆ ಬಲಪಾದ ಸರಿಯಾಗಿ ಏಳುತ್ತಿರಲಿಲ್ಲ. ಅವತ್ತೇ ಮಧ್ಯಾಹ್ನ ಕೆಲಸ ಬಿಟ್ಟು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳಿಗೆ ಸ್ಕ್ಯಾನ್ ನಿಜಕ್ಕೂ ಬೇಕಿತ್ತು, ಚಿಕಿತ್ಸೆ ನಡೆಯುತ್ತಿದೆ, ಕಾಲು ಸುಧಾರಿಸುತ್ತಿದೆ. ಅದಾದ ಮೇಲೆ ನಾವೆಲ್ಲ ಸೇರಿ ಮಾಲೀಕರ ಹತ್ತಿರ ಹೋಗಿ ಎತ್ತರ ಹೊಂದಿಸಿಕೊಳ್ಳುವ ಸ್ಟೂಲ್ ಬೇಕು, ಮಧ್ಯದಲ್ಲಿ ಎರಡು ಸಲ ಐದೈದು ನಿಮಿಷ ಎಲ್ಲರಿಗೂ ಬಿಡುವು ಬೇಕು ಅಂತ ಕೇಳಿದ್ದೇವೆ. ಬಿಡುವಿಗೆ ಒಪ್ಪಿದ್ದಾರೆ. ಸ್ಟೂಲ್‌ಗೆ ದೀಪಾವಳಿ ಮಾಲು ಹೋದ ಮೇಲೆ ನೋಡೋಣ ಅಂದಿದ್ದಾರೆ. ಅಲ್ಲಿಯ ತನಕ ಗೋಣಿಚೀಲದ ದಿಂಬು ಬೇಕಾದವರು ನನಗೆ ಹೇಳಿ, ಊಟದ ಹೊತ್ತಿನಲ್ಲಿ ಹೊಲಿದುಕೊಡುತ್ತೇನೆ.